ಹನ್ನೊಂದು ಒಂದುಗಳು

ನನಗೆ ಸೂರತ್ತಿಗೆ ವರ್ಗವಾದಾಗ ಹೆಂಡತಿ, ಮಗಳು ವಡೋದರದಲ್ಲೇ ಉಳಿದರು. ಮಗಳ ಶಾಲೆ ಬಿಡಿಸುವಂತಿರಲಿಲ್ಲ. ಅಲ್ಲಿನ ವರಾಛಾ ಬಡಾವಣೆಯಲ್ಲಿ ನಾನೊಂದು ಕೋಣೆ ಹಿಡಿದೆ. ಕೆಳಗೆ ವಜ್ರ ಉಜ್ಜುವ ಕಾರ್ಖಾನೆ. ಸಂಜೆ ಅದರ ಗರಗರ ನಿಂತ ಮೇಲೆ ಆ ಕಟ್ಟಡದಲ್ಲಿ ಸದ್ದು ಮಾಡುವ ಜವಾಬ್ದಾರಿ ನನ್ನೊಬ್ಬನ ಮೇಲೆ ಬೀಳುತ್ತಿತ್ತು. ಮಾಡಲು ವಿಷಯವಿರಲಿಲ್ಲ.

ಎಂಟಕ್ಕೆ ಮಗಳ ಫೋನು. “ಊಟ ಆಯ್ತಾ ಅಪ್ಪಾ?” “ಆಯ್ತು.” “ಅಮ್ಮಂಗೆ ಕೊಡ್ತೀನಿ.” ಆ ದಿನದ ಪಿತೃತ್ವ ಅಲ್ಲಿಗೆ ಸಮಾಪ್ತಿ.

ಒಂದು ಭಾನುವಾರ ಮನೆಗೆ ಹೋಗಿದ್ದಾಗ ಅವಳು ಕೇಳಿದಳು: ಹನ್ನೊಂದು ಪ್ರೈಮ್ ತಾನೇ, ಹಾಗಾದರೆ ಒಂದನ್ನು ಹನ್ನೊಂದು ಸಲ ಸಾಲಾಗಿ ಬರೆದರೆ ಅದೂ ಪ್ರೈಮಾ?

“ಆಗಿರ್ಲೇಬೇಕು,” ಎಂದೆ, ಏನೂ ತಿಳಿಯದ ತಂದೆಗೆ ಸಲ್ಲುವ ಗಾಂಭೀರ್ಯದಿಂದ. “ಕನ್ನಡದಲ್ಲಿ ಅವಿಭಾಜ್ಯ ಅಂತಾರೆ.”

“ಪ್ರೂವ್ ಮಾಡಿ. ಮೊಬೈಲ್ ಮುಟ್ಟಂಗಿಲ್ಲ.”

ಕಂಕಣ ಕಟ್ಟಿದೆ. ಸಾವಿರದ ನೂರ ಹನ್ನೊಂದು ಕೋಟಿ, ಹನ್ನೊಂದು ಲಕ್ಷ, ಹನ್ನೊಂದು ಸಾವಿರದ ನೂರ ಹನ್ನೊಂದು. ಇದನ್ನು ಒಂದು ಲಕ್ಷದ ಚಿಲ್ಲರೆಯವರೆಗಿನ ಪ್ರತಿಯೊಂದು ಅವಿಭಾಜ್ಯ ಸಂಖ್ಯೆಯಿಂದಲೂ ಭಾಗಿಸಿ ನೋಡಬೇಕು. ಯಾವುದಕ್ಕೂ ಬಗ್ಗದಿದ್ದರೆ ನಾನು ಗೆದ್ದೆ. ಸಂಜೆಗೆ ಆರೋ ಏಳೋ ಭಾಗಾಕಾರ. ಆ ವೇಗದಲ್ಲಿ ಕೆಲಸ ಮುಗಿಯುವ ಮೊದಲು ನನ್ನ ನಿವೃತ್ತಿಯೇ ಬಂದಿರುತ್ತಿತ್ತು.

ಆದರೆ ಫೋನಿನ ಮಾತು ಬದಲಾಯಿತು. “ಆಜ್ ಎಷ್ಟರ ತನಕ ಬಂತು, ನಿಮ್ಮ ಅವಿಭಕ್ತ ಸಂಖ್ಯೆ?”

“ಅವಿಭಕ್ತ ಅಲ್ಲ ಕಣೇ, ಅವಿಭಾಜ್ಯ. ಅವಿಭಕ್ತ ಅನ್ನೋದು ಕುಟುಂಬಕ್ಕೆ.”

“ಒಂದೇ ಅಲ್ವಾ? ಎರಡೂ ಡಿವೈಡ್ ಆಗಲ್ಲ.”

ಸೂರತ್ತಿನಿಂದ ವಡೋದರಕ್ಕೆ ಹೀಗೆ ಜಗಳವಾಡುತ್ತ ಅರ್ಧ ಗಂಟೆ. ಅವಳು ಅಷ್ಟು ಕನ್ನಡವನ್ನು ನನ್ನೊಡನೆ ಎಂದೂ ಆಡಿರಲಿಲ್ಲ. ಅವಳಮ್ಮ ಹಿಂದಿನಿಂದ, “ಅಪ್ಪನಿಗೂ ಮಗಳಿಗೂ ಬೇರೆ ಕೆಲ್ಸ ಇಲ್ಲ,” ಎನ್ನುತ್ತಿದ್ದಳು. ನನ್ನ ಮಟ್ಟಿಗೆ ಅದು ನಿಜ.

ಒಂದೂವರೆ ವರ್ಷ ಕಳೆದ ಮೇಲೆ, ಒಂದು ಮಂಗಳವಾರ, ೨೧೬೪೯ರಿಂದ ಭಾಗಿಸಿದೆ. ಶೇಷ ಸೊನ್ನೆ. ತಪ್ಪಿರಬೇಕೆಂದು ಮತ್ತೆ ಮಾಡಿದೆ. ಗುಣಿಸಿಯೂ ನೋಡಿದೆ. ಹನ್ನೊಂದು ಒಂದುಗಳೂ ತಪ್ಪದೆ ಬಂದು ಸಾಲಾಗಿ ನಿಂತವು. ನಾನು ಸೋತದ್ದು ದೊಡ್ಡದಲ್ಲ, ತಂದೆಯರು ಸೋಲುವುದಕ್ಕೇ ಇರುವವರು. ನಾಳೆಯಿಂದ ಎಂಟು ಗಂಟೆಗೆ “ಊಟ ಆಯ್ತಾ” ಒಂದೇ ಉಳಿಯುತ್ತದಲ್ಲ ಎಂದು ಹಾಳೆ ಹಿಡಿದು ಕುಳಿತೆ.

ಫೋನು ಬಂತು. “ಎಷ್ಟರ ತನಕ?”

“ಇಪ್ಪತ್ತೊಂದು ಸಾವಿರದ ಆರುನೂರ ಅರವತ್ತೊಂದು,” ಎಂದೆ. ಅದು ೨೧೬೪೯ರ ಮುಂದಿನ ಅವಿಭಾಜ್ಯ.

“ಅದರ ಹಿಂದಿಂದು? ಸಿಕ್ಸ್ ಫಾರ್ಟಿನೈನ್? ಅದರಿಂದ ಭಾಗ ಹೋಗ್ಲಿಲ್ವಾ ಅಪ್ಪಾ?”

ಸಾವಿರಾರು ಸಂಖ್ಯೆಗಳಲ್ಲಿ ಅವಳು ಇದುವರೆಗೆ ಹೆಸರು ಹಿಡಿದು ಕೇಳಿದ್ದು ಅದೊಂದನ್ನೇ. ಉತ್ತರ ಅವಳಿಗೆ ಯಾವಾಗಿನಿಂದ ಗೊತ್ತಿತ್ತೋ.

“ಇಲ್ಲಮ್ಮ. ಶೇಷ ಒಂದು ಉಳೀತು.”

“ಪಕ್ಕಾ?”

“ಪಕ್ಕಾ.”

“ಅಚ್ಛಾ,” ಎಂದಳು. “ಮತ್ತೆ ನಾಳೆ ಎಲ್ಲಿಂದ?”