ಅಷ್ಟ್ ಸಣ್ಣ ಬೆಳಕನ್ನ ಹೆಂಗ ಅಳೀತೀರಿ?

ಕಳೆದ ವಾರ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನನ್ನು ಫೇಲ್ ಮಾಡಿದಳು. ಅದೂ ನನ್ನದೇ ಸಬ್ಜೆಕ್ಟಿನಲ್ಲಿ!

ರಜೆಗೆಂದು ಬನಹಟ್ಟಿಗೆ ಬಂದಿದ್ದೆ. ಚಿಮ್ಮಡದ ಕಡೆಯ ಶಾಲೆಯೊಂದರಲ್ಲಿ ಪಾಠ ಮಾಡುವ ಗೆಳತಿ ಮಹಾದೇವಿ, 'ನಮ್ಮ ಹುಡುಗ್ರಿಗೆ ನಿನ್ನ ಲೇಸರ್ ಬಗ್ಗೆ ನಾಕ ಮಾತ ಹೇಳ ಬಾ' ಎಂದಳು. ಹೋದೆ. ಪುಣೆಯ ಲ್ಯಾಬಿನಲ್ಲಿ ನಾವು ಬೆಳಕಿನ ಮಿಡಿತಗಳನ್ನು (ಪಲ್ಸ್ ಅನ್ನಿ) ರೂಪಿಸುತ್ತೇವೆ ಎಂದೆ. ಸೆಕೆಂಡನ್ನು ಕೋಟಿ ಪಾಲು ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಪಾಲು ಮಾಡಿದರೆ ಎಷ್ಟೋ, ಒಂದು ಮಿಡಿತ ಅಷ್ಟೇ ಹೊತ್ತು. ಚಪ್ಪಾಳೆ ಬಿತ್ತು.

ಹಿಂದಿನ ಬೆಂಚಿನಿಂದ ರೇಣುಕಾ ಎಂಬವಳು ಎದ್ದಳು. 'ಮೇಡಂ, ಅಷ್ಟ್ ಸಣ್ಣದನ್ನ ಹೆಂಗ ಅಳೀತೀರಿ? ಅಂಥಾ ಗಡಿಯಾರ ಐತೇನ್ರಿ?'

'ಅದಕ್ಕ ಮಷೀನ್ ಐತವ್ವಾ.'

'ಮಷೀನ್ ಹೆಂಗ ಅಳೀತೈತ್ರಿ?'

'ಅದೆಲ್ಲಾ ಕಾಲೇಜಿಗೆ ಹೋದಮ್ಯಾಲ ತಿಳೀತೈತಿ' ಎಂದು ನಕ್ಕೆ. ಅವಳು ಕೂತಳು. ಮುಖ ಬಾಡಿತ್ತು.

ಖರೆ ಹೇಳಲೇ? ಏಳು ವರ್ಷದಿಂದ ಆ ಮಷೀನಿನ ಜೊತೆಗಿದ್ದೇನೆ. ಸೂತ್ರ ಬಿಟ್ಟು ಅದನ್ನು ವಿವರಿಸಲು ನನಗೇ ಬರುತ್ತಿರಲಿಲ್ಲ. ನನ್ನ ಕೊರತೆಗೆ ಅವಳ ವಯಸ್ಸನ್ನು ಅಡ್ಡ ಹಿಡಿದೆ. (ದೊಡ್ಡವರು ಹೀಗೆ ಎಷ್ಟು ಸಲ ಪಾರಾಗಿದ್ದೇವೋ!)

ಮರುದಿನ ಪುಣೆ ಬಸ್ಸಿನ ಟಿಕೆಟ್ ಕ್ಯಾನ್ಸಲ್ ಮಾಡಿದೆ. 'ಒಂದ ಪ್ರಶ್ನೆ ಸಲುವಾಗಿ ರಜಾ ಹೆಚ್ಚ ಮಾಡ್ತೀಯೇನ, ಹುಚ್ಚಿ!' ಅವ್ವ ಬೈದಳು. ಎರಡು ದಿನ ಬರೆದೆ, ಹರಿದೆ, ಅವ್ವನಿಗೇ ಹೇಳಿ ನೋಡಿದೆ. 'ಹಾಂ, ಈಗ ತಿಳೀತು' ಎಂದು ಅವಳು ಅಂದ ಮೇಲೆಯೇ ಆಟೋ ಹತ್ತಿದ್ದು.

ಕ್ಲಾಸಿನಲ್ಲಿ ಮೊದಲು ಕ್ಷಮೆ ಕೇಳಿದೆ. ಆಮೇಲೆ ಬೋರ್ಡಿನ ಮೇಲೆ ಗೆರೆ ಎಳೆದೆ. ಒಂದೇ ಮಿಡಿತವನ್ನು ಎರಡಾಗಿ ಸೀಳುತ್ತೇವೆ. ಎರಡೂ ಒಂದು ಹರಳಿನಲ್ಲಿ ಒಟ್ಟಿಗೆ ಬಿದ್ದಾಗ ಮಾತ್ರ ಬೇರೆಯದೇ ಬೆಳಕು ಹುಟ್ಟುತ್ತದೆ. ಒಂದರ ದಾರಿಯಲ್ಲಿರುವ ಕನ್ನಡಿ ಸರಿಸುತ್ತಾ ಅದನ್ನು ಹಿಂದೆ ಬೀಳಿಸಿದರೆ ಆ ಹೊಸ ಬೆಳಕು ಆರುತ್ತದೆ. ಕೂದಲೆಳೆಗಿಂತ ಕಡಿಮೆ ದೂರ ಸಾಕು. ಎಷ್ಟು ಸರಿಸಿದಾಗ ಆರಿತು? ಬೆಳಕಿನ ವೇಗ ಗೊತ್ತೇ ಇರುವುದರಿಂದ, ಆ ದೂರವೇ ಮಿಡಿತದ ಹೊತ್ತನ್ನು ಹೇಳುತ್ತದೆ.

ರೇಣುಕಾ ಬೋರ್ಡು ನೋಡುತ್ತಲೇ ಎದ್ದಳು. 'ಅಂದ್ರ ಬೆಳಕನ್ನ ಬೆಳಕಿನಿಂದನ ಅಳೀತೀರಿ. ಆದ್ರ ಎರಡೂ ಒಂದ ನಮೂನಿ ಅದಾವಲ್ರಿ? ಮಿಡಿತದ ಮುಂದಿನ ತುದಿ ಯಾವ್ದು, ಹಿಂದಿನ ತುದಿ ಯಾವ್ದು, ಹೆಂಗ ಗೊತ್ತಾಗತೈತಿ?'

ಈ ವಿಧಾನದ ನಿಜವಾದ ಕುಂದೇ ಅದು! ನಾನು ಪುಸ್ತಕ ಓದಿ ತಿಳಿದದ್ದನ್ನು ಇವಳು ಸೀಮೆಸುಣ್ಣದ ಎರಡು ಗೆರೆ ನೋಡಿ ಹಿಡಿದಿದ್ದಳು.

'ಇದರಿಂದ ಗೊತ್ತಾಗಂಗಿಲ್ಲವ್ವಾ' ಎಂದೆ. 'ಬ್ಯಾರೆ ದಾರಿ ಐತಿ. ಅದನ್ನೂ ಹೇಳ್ತೀನಿ.' ಬೋರ್ಡು ಒರೆಸಿ ಮತ್ತೆ ಶುರು ಮಾಡಿದೆ.

ಈಗಿನ ಹುಡುಗರು ಪ್ರಶ್ನೆಯನ್ನೇ ಕೇಳುವುದಿಲ್ಲ ಅಂತೀರಲ್ಲ, ಕೇಳಿದವರನ್ನು ನಾವು ಏನು ಮಾಡಿದ್ದೇವೆ?