ಕಾಫಿ ಆದ ಮೇಲಿನ ಸುದ್ದಿ

ನಮ್ಮ ಮಹಡಿಯ ಮೇಲಿನ ಫೈಬರ್ ಟ್ಯಾಂಕ್ ಸೋರುತ್ತಿದೆ. ಇವತ್ತು ಅದಕ್ಕೆ ತೇಪೆ ಹಾಕಲು ಬಂದ ಮಲ್ಲಪ್ಪ ರೆಸಿನ್ ಡಬ್ಬಿ ತೆರೆದದ್ದೇ ತಡ, ಆ ಘಾಟು ಮೆಟ್ಟಿಲಿಳಿದು ಅಡುಗೆಮನೆ ಹೊಕ್ಕಿತು. ಹೆಂಡತಿ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಎದೆ ತುಂಬ ಎಳೆದುಕೊಂಡೆ. ಒಂದು ಕಾಲದಲ್ಲಿ ನಮ್ಮ ಮನೆಯ ಒಲೆ ಉರಿದದ್ದು ಆ ಘಾಟಿನಿಂದಲೇ.

ಈ ಶತಮಾನದ ಮೊದಲ ವರ್ಷಗಳ ಮಾತು. ಮಸ್ಕತ್ತಿನಾಚೆ ಅಲ್ ಮಬೇಲಾದಲ್ಲಿ ನೀರಿನ ಟ್ಯಾಂಕ್ ಮಾಡುವ ಕಾರ್ಖಾನೆ. ನಾನು ಅಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಹುದ್ದೆಯ ಹೆಸರು ದೊಡ್ಡದು, ಕೂರುವ ಕೋಣೆ ಟ್ಯಾಂಕಿಗಿಂತ ಚಿಕ್ಕದು. ಮಾಲೀಕರು ಸಾಲಿಂ ಎಂಬ ಒಮಾನಿ. ನಾವೆಲ್ಲ ಅವರನ್ನು ಅರ್ಬಾಬ್, ಅಂದರೆ ಧಣಿ, ಎನ್ನುತ್ತಿದ್ದೆವು. ಮೀನುಗಾರರ ಮಗ, ದೋಣಿಗಳಿಗೆ ಫೈಬರ್ ತೇಪೆ ಹಾಕುತ್ತ ಹಾಕುತ್ತ ಎರಡು ಶೆಡ್ಡಿನವರೆಗೆ ಬೆಳೆದಿದ್ದರು. ಇನ್ನು ಮುಂದಕ್ಕೆ ದೊಡ್ಡ ಯಂತ್ರ ಬೇಕು, ಅದಕ್ಕೆ ಹೊರಗಿನ ಪಾಲುದಾರರು ಬೇಕು. ಅವರು ಬರದಿದ್ದರೆ ದೊಡ್ಡ ಕಂಪನಿಗಳೆದುರು ನಾವು ಬಾಗಿಲು ಹಾಕುವುದೇ ಸೈ. ಆಗ ನನ್ನ ವೀಸಾ, ಮಗಳ ಶಾಲೆ ಎಲ್ಲ ಖಲಾಸ್. ಇಷ್ಟಾದರೂ ಅರ್ಬಾಬರದು ಒಂದೇ ಹಟ. "ಪಾಲು ಕೊಡೋಣ. ಕಾರ್ಖಾನೆ ಮಾತ್ರ ನಮ್ಮದಾಗೇ ಇರಬೇಕು" ಎಂದು ನನಗೆ ಹಿಂದಿಯಲ್ಲಿ ಹೇಳುತ್ತಿದ್ದರು.

ಅಲ್ಲಿನವರ ಒಂದು ರೂಢಿ ನಿಮಗೆ ಹೇಳಲೇಬೇಕು. ಯಾರಾದರೂ "ಏನು ಸುದ್ದಿ?" ಎಂದರೆ ಮೊದಲ ಉತ್ತರ ಯಾವಾಗಲೂ "ಮಾ ಶೈ ಉಲೂಮ್", ಸುದ್ದಿಯೇನಿಲ್ಲ, ಎಲ್ಲ ಕ್ಷೇಮ. ಮನೆಗೆ ಬೆಂಕಿ ಬಿದ್ದಿದ್ದರೂ ಅದೇ. ಖರ್ಜೂರ ತಿಂದು ಕಾಫಿ ಕುಡಿದ ಮೇಲೆಯೇ ನಿಜವಾದ ಸುದ್ದಿ. ನಾನೋ ಗದಗಿನ ಕಡೆಯವ. ನಮ್ಮಲ್ಲಿ ಮನುಷ್ಯನಿಗಿಂತ ಮೊದಲು ಅವನ ಸುದ್ದಿ ಹೊಸ್ತಿಲು ದಾಟಿರುತ್ತದೆ.

ಪಾಲುದಾರಿಕೆಯ ಮಾತಿಗೆ ಯುರೋಪಿನ ಕಂಪನಿಯೊಂದರ ಇಬ್ಬರು ಬಂದರು. ಶೆಡ್ಡು ನೋಡಿ ಖುಷಿಯಾದರು. ಕೂತ ಮೇಲೆ ಹಿರಿಯವರು, "ನಾವು ತಿಳಿಯಬೇಕಾದ್ದು ಬೇರೇನಾದರೂ ಇದೆಯೇ?" ಎಂದರು.

"ಏನಿಲ್ಲ, ಎಲ್ಲ ಕ್ಷೇಮ" ಎಂದರು ಅರ್ಬಾಬ್.

ನನಗೆ ಹೋದ ಜೀವ ಬಂತು. ಏಕೆಂದರೆ ಒಂದು ಲಾಟ್ ಟ್ಯಾಂಕುಗಳು ಬಿರುಕುಬಿಟ್ಟು ಗಿರಾಕಿಗಳಿಂದ ವಾಪಸ್ ಬಂದು, ಹಿತ್ತಲಲ್ಲಿ ತಾಡಪಾಲಿನಡಿ ಮಲಗಿದ್ದವು. ಕಾಫಿಗೆ ಮೊದಲೇ ಇವರನ್ನು ಕಾರು ಹತ್ತಿಸಿದರೆ ಗೆದ್ದೆ ಎಂದುಕೊಂಡು, ಕೇಳದಿದ್ದರೂ ವಿಮಾನದ ಹೊತ್ತು ನೆನಪಿಸಿದೆ. ಯಾರೂ ಏಳಲಿಲ್ಲ. ಕಾಫಿ ಬಂತು.

ಕಪ್ಪು ಕೆಳಗಿಟ್ಟ ಅರ್ಬಾಬ್, "ಬನ್ನಿ, ಈಗ ಸುದ್ದಿ" ಎಂದು ಅವರನ್ನು ಹಿತ್ತಲಿಗೆ ಕರೆದೊಯ್ದು ತಾಡಪಾಲು ತಾವೇ ಎಳೆದರು. ನಾನು ಆಕಾಶ ನೋಡುತ್ತ ನಿಂತೆ.

"ಆಗ ಏನಿಲ್ಲ ಅಂದಿರಲ್ಲ?" ಎಂದರು ಹಿರಿಯವರು.

"ಆಗ ನೀವು ಕಾಫಿ ಕುಡಿದಿರಲಿಲ್ಲ."

ಅವರು ಕಾರು ಹತ್ತಿ ಹೊರಟುಹೋದರು. ಮನೆಯಲ್ಲಿ ಹೆಂಡತಿ "ಏನಾತ್ರಿ?" ಎಂದಳು. "ಗಂಟುಮೂಟೆ ಕಟ್ಟು" ಎಂದೆ. ಆಮೇಲಿನ ದಿನಗಳಲ್ಲಿ ಆಫೀಸಿನ ಫೋನು ಬಡಿದಾಗಲೆಲ್ಲ ನಾನೇ ಓಡುತ್ತಿದ್ದೆ.

ಕೊನೆಗೊಂದು ದಿನ ಆ ಕಂಪನಿಯವರು ಅರ್ಬಾಬರನ್ನು ಮಸ್ಕತ್ತಿಗೆ ಕರೆಸಿದರು. ಮಧ್ಯಾಹ್ನ ಮರಳಿದಾಗ ನಾವೆಲ್ಲ ಗೇಟಿನಲ್ಲಿದ್ದೆವು. "ಏನು ಸುದ್ದಿ?" ಎಂದೆ.

"ಮಾ ಶೈ ಉಲೂಮ್."

ಕೂತರು. ಖರ್ಜೂರ ತರಿಸಿದರು. ಆ ಕಾಫಿ ಬಿಸಿಯಿತ್ತೋ ತಣ್ಣಗಿತ್ತೋ ನನಗೆ ಗೊತ್ತಿಲ್ಲ, ನುಂಗಿದೆ. ಆಮೇಲೆ ಅವರು ನಿಧಾನವಾಗಿ ಹೇಳಿದರು: "ಸಹಿ ಆಯ್ತು. ದೊಡ್ಡ ಪಾಲು ನಮ್ಮದೇ. ಬಿರುಕು ತೋರಿಸಿದವನನ್ನು ಮಿಕ್ಕದ್ದಕ್ಕೂ ನಂಬಬಹುದಂತೆ."

ನನಗೆ ಅಳು ಬಂತು. ಎಲ್ಲರೆದುರೇ ಅತ್ತೆ. ಮನೆಗೆ ಓಡಿ ಹೇಳಿದರೆ ಹೆಂಡತಿ, "ನಾ ಗಂಟು ಕಟ್ಟೇ ಇಲ್ಲ ಬಿಡ್ರಿ" ಎಂದಳು.

ಈಗ ಮಲ್ಲಪ್ಪ ಕೈ ಒರೆಸಿಕೊಳ್ಳುತ್ತ ಕೆಳಗಿಳಿದು ಬಂದ.

"ಹೆಂಗೈತಪಾ ಟಾಕಿ?"

"ಏನಿಲ್ರಿ ಸರ, ಎಲ್ಲಾ ಬರೋಬ್ಬರಿ ಐತ್ರಿ."

ಮೊದಲಿನ ನಾನಾಗಿದ್ದರೆ ಕೂಲಿ ಕೊಟ್ಟು ಕಳಿಸುತ್ತಿದ್ದೆ. ಇವತ್ತು ಕೂರಿಸಿ ಚಹಾ ಕೊಟ್ಟೆ. ಅವನು ಕಪ್ಪು ಕೆಳಗಿಟ್ಟ ಮೇಲೆ, "ಈಗ ಹೇಳು" ಎಂದೆ.

ಮಲ್ಲಪ್ಪ ತಲೆ ಕೆರೆದುಕೊಂಡ. "ತಳಕ್ಕೂ ಒಂದು ಸೀಳು ಬಿಟ್ಟೈತ್ರಿ ಸರ. ನಾಳಿ ಮತ್ತ ಬರಬೇಕಾಗ್ತೈತ್ರಿ."

ಎಂಥ ನಿರಾಳವಾಯಿತೆನ್ನುತ್ತೀರಿ! ಅವನಿಗೆ ಇನ್ನೊಂದು ಕಪ್ಪು ಚಹಾ ಬಸಿದೆ.