ಅಣ್ಣನ ಗಾಡಿಯ ನಡುಕ

ಅಣ್ಣ ತೀರಿಕೊಂಡು ಮೂರು ವರ್ಷ ಆದ ಮೇಲೆ ಅವನ ಮೋಟರ್‌ಸೈಕಲ್ ಗಾಡಿಯನ್ನು ದನದ ಕೊಟ್ಟಿಗೆಯಿಂದ ಹೊರಗೆ ತಂದೆ. ಮಾಸ್ತರನಾದ ನನಗೆ ಹುಲಿಹೈದರದ ಸಾಲಿಗೆ ವರ್ಗವಾಗಿತ್ತು. ಗಂಗಾವತಿಯ ಬಸ್ಸಿಗೂ ಸಾಲಿಯ ಗಂಟೆಗೂ ಹೊಂದುತ್ತಿರಲಿಲ್ಲ. “ನಿಂತಲ್ಲೇ ತುಕ್ಕು ಹಿಡಿಯೂದಕಿಂತ ನೀವರ ಓಡಸ್ರಿ,” ಎಂದು ಅಣ್ಣನ ಹೆಂಡತಿ, ನಮ್ಮ ವೈನಿಯೇ ಕೀಲಿ ತಂದುಕೊಟ್ಟರು.

ಅಣ್ಣ ಸಿದ್ದಾಪುರದ ಒಂದು ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ. ಮುಂಜಾನೆಯ ಪಾಳಿ ಮುಗಿಸಿ ಮನೆಗೆ ಮರಳುವಾಗ, ಕಾಲುವೆ ಪಕ್ಕದ ನೇರ ದಾರಿಯಲ್ಲಿ ಬಿದ್ದ. ಎದುರಿಗೆ ವಾಹನ ಇರಲಿಲ್ಲ, ದನ ಅಡ್ಡ ಬಂದಿರಲಿಲ್ಲ. ಗದ್ದೆಯಲ್ಲಿ ಸಸಿ ಹಚ್ಚುತ್ತಿದ್ದ ಹೆಣ್ಣುಮಕ್ಕಳು ಹೇಳಿದ್ದು ಇಷ್ಟೇ: ಗಾಡಿ ಹಾವಿನಂಗೆ ಅತ್ತಿತ್ತ ಹೊರಳಾಡಿತು, ಪಕ್ಕಕ್ಕೆ ಮಲಗಿ ಜಾರಿಕೊಂಡು ಹೋಯಿತು. ಅಣ್ಣನ ತಲೆ ಕಲ್ಲಿಗೆ ಬಡಿದಿತ್ತು. ಗಾಡಿಗೆ ಒಂದು ಪಕ್ಕದ ಬಣ್ಣ ಕೆತ್ತಿಹೋಗಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ನೇರ ದಾರಿಯಲ್ಲಿ ಒಬ್ಬನೇ ಬಿದ್ದವನ ಬಗ್ಗೆ ಜನಕ್ಕೆ ಒಂದೇ ಮಾತು ಹೊಳೆಯುತ್ತದೆ. ಕುಡಿದಿದ್ದ ಅಂದರು. ದವಾಖಾನೆಯ ಕಾಗದದಲ್ಲಿ ಹಾಗೆ ಇರಲಿಲ್ಲ, ಆದರೆ ಕಾಗದ ಓದುವವರು ಯಾರು. ಕುಷ್ಟಗಿಯಿಂದ ಬಂದಿದ್ದ ವೈನಿಯ ತಂದೆ ಅಣ್ಣನ ದಿವಸದ ಊಟಕ್ಕೆ ಕೂತ ಮಂದಿಯ ಮುಂದೆ, “ಕುಡುಕಗ ಮಗಳನ್ನ ಕೊಟ್ಟು ಕೆಟ್ಟೆ,” ಅಂದರು. ನಾನು ಅದೇ ಸಾಲಿನಲ್ಲಿ ಕೂತಿದ್ದೆ. ಬಾಯಿ ಬಿಡಲಿಲ್ಲ.

ಎಣ್ಣೆ, ಬ್ಯಾಟರಿ ಬದಲಿಸಿ ಗಾಡಿ ಓಡಿಸತೊಡಗಿದ ಮೊದಲ ವಾರವೇ ನನಗೆ ಗೊತ್ತಾಯಿತು. ನಲವತ್ತರವರೆಗೆ ಏನೂ ಇಲ್ಲ. ಐವತ್ತು ದಾಟಿದರೆ ಹ್ಯಾಂಡಲ್ ಅಂಗೈಯಲ್ಲಿ ಸಣ್ಣಗೆ ನಡುಗುತ್ತಿತ್ತು. ಎಕ್ಸಲರೇಟರ್ ಬಿಟ್ಟರೆ ನಡುಕ ಕಡಿಮೆಯಾಗುವ ಬದಲು ಮೊಣಕೈವರೆಗೆ ಏರುತ್ತಿತ್ತು. ಒಂದು ದಿನ ಕನಕಗಿರಿ ದಾಟಿದ ಮೇಲೆ ಅದು ಎಷ್ಟು ಜೋರಾಯಿತೆಂದರೆ, ಬೇವಿನ ಮರದ ಕೆಳಗೆ ನಿಲ್ಲಿಸಿ ಬಹಳ ಹೊತ್ತು ಕೂತುಬಿಟ್ಟೆ. ಬೀಳುವ ಒಂದು ವಾರ ಮೊದಲು ಅಣ್ಣ ನನಗೆ ಹೇಳಿದ್ದ: “ಮುಂದಿನ ಗಾಲಿ ಕೈಗೆ ಸಿಗವಲ್ದು ನೋಡೋ. ಅಲುಗ್ಯಾಡತೈತಿ.” ನಾನು, “ಗಾಳಿ ಕಡಿಮಿ ಆಗಿರಬೇಕು, ನೋಡ್ಸು,” ಅಂದಿದ್ದೆ.

ಅವತ್ತಿನಿಂದ ಗಾಡಿ ಇಳಿದರೂ ನಡುಕ ಅಂಗೈಯಲ್ಲೇ ಉಳಿಯತೊಡಗಿತು. ಬೋರ್ಡಿನ ಮೇಲೆ ಬರೆಯುವಾಗ ಬರುತ್ತಿತ್ತು, ರೊಟ್ಟಿ ಮುರಿಯುವಾಗ ಬರುತ್ತಿತ್ತು. ಅಣ್ಣ ಕೈಯೊಳಗೆ ಕೂತು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಾನೆ ಅನಿಸುತ್ತಿತ್ತು.

ಗಂಗಾವತಿಯಲ್ಲಿ ಹಳೆಯ ಗಾಡಿಗಳನ್ನೇ ನೋಡುವ ವಯಸ್ಸಾದ ಮಿಸ್ತ್ರಿಯೊಬ್ಬರಿದ್ದರು. ಒಂದು ಭಾನುವಾರ ಮುಂಜಾನೆ ಅವರಲ್ಲಿಗೆ ಹೋಗಿ, ಅಣ್ಣ ಈ ಗಾಡಿಯಿಂದ ಬಿದ್ದದ್ದನ್ನು ಹೇಳಿದೆ. ಅವರು ನಟ್ಟು ಬಿಚ್ಚುವ ಪಾನಾ ಮುಟ್ಟಲಿಲ್ಲ. ಮೊದಲು ಟೈರಿನ ಮೇಲೆ ಕೈಯಾಡಿಸಿದರು. ಆಮೇಲೆ ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ, ಇಂಜಿನ್ನಿನ ಕೆಳಗೆ ಕಟ್ಟಿಗೆ ಕೊಟ್ಟು, ಮುಂದಿನ ಗಾಲಿಯನ್ನು ನೆಲದಿಂದ ಎತ್ತಿ ತಿರುಗಿಸಿದರು. ಪಕ್ಕದಲ್ಲಿ ಒಂದು ಕಡ್ಡಿ ಹಿಡಿದು ನೋಡಿದರು. ರಿಮ್ಮು ಸರಿಯಾಗಿಯೇ ತಿರುಗುತ್ತಿತ್ತು. ಸ್ಪೋಕುಗಳನ್ನು ಒಂದೊಂದಾಗಿ ಬಡಿದು ಸದ್ದು ಕೇಳಿದರು. ಗಾಲಿಯನ್ನು ಅಡ್ಡಕ್ಕೆ ಜಗ್ಗಿ, “ಗಾಲಿ ಬೇರಿಂಗ್ ಛಲೋ ಅದಾವ,” ಅಂದರು.

ಕೊನೆಗೆ ಎರಡು ಬೆರಳಿನಿಂದ ಹ್ಯಾಂಡಲನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ಆಡಿಸಿದರು. ನಡುವೆ ಬಂದಾಗ ಅದು ಟಕ್ ಎಂದು ಕಚ್ಚಿಕೊಂಡಿತು.

“ನೀವಽ ಹಿಡದು ನೋಡ್ರಿ, ಮಾಸ್ತರ್ರ.”

ಹಿಡಿದೆ. ಹ್ಯಾಂಡಲ್ ನೆಟ್ಟಗಾದ ಜಾಗದಲ್ಲಿ ಒಂದು ತಗ್ಗಿಗೆ ಬಿದ್ದಂತಾಗುತ್ತಿತ್ತು.

ಅವರು ಮೇಲಿನ ನಟ್ಟು ಬಿಚ್ಚಿ ಕೋನ್ ಸೆಟ್ ಹೊರಗೆ ತೆಗೆದರು. ಹ್ಯಾಂಡಲ್ ತಿರುಗುವುದು ಅದರೊಳಗಿನ ಸಣ್ಣ ಗುಂಡುಗಳ ಮೇಲೆ. ಗುಂಡು ಕೂರುವ ಬಟ್ಟಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದರು. ಸುತ್ತಲೂ ಸಣ್ಣ ಸಣ್ಣ ತಗ್ಗುಗಳು, ತಿಕ್ಕಿ ತಿಕ್ಕಿ ಹೊಳಪು ಬಂದಿದ್ದವು. ಫೋರ್ಕಿನ ಪೈಪನ್ನೂ ಬಿಚ್ಚಿ ಗಾಜಿನ ಮೇಲೆ ಉರುಳಿಸಿದರು. ಅದು ಕೂದಲೆಳೆಯಷ್ಟು ಬೆಂಡಾಗಿತ್ತು.

“ಬಿದ್ದಾಗ ಆಗಿದ್ದಿರಬೇಕು,” ಅಂದೆ.

“ಅಲ್ರಿ. ಪಕ್ಕಕ್ಕ ಬಿದ್ರ ಹಿಂಗ ಆಗಂಗಿಲ್ಲ. ಇದು ಮುಂದಿಂದ ತಿಂದ ಹೊಡ್ತ. ತಿಂದ ಮ್ಯಾಲೂ ಭಾಳ ದಿನ ಓಡೈತಿ, ಅದಕ್ಕಽ ಈ ಹೊಳಪು. ಯಾವಾಗರ ದೊಡ್ಡ ತಗ್ಗಿಗೆ ಹಾಕಿದ್ರೇನು?”

“ಗೊತ್ತಿಲ್ಲ,” ಅಂದೆ.

ಗೊತ್ತಿತ್ತು. ಅಣ್ಣ ಸಾಯುವ ಎರಡು ತಿಂಗಳ ಹಿಂದೆ ಅವನ ಗಾಡಿ ಕೇಳಿಕೊಂಡು, ಎರಡು ಚೀಲ ಬತ್ತದ ಬೀಜ ಹೇರಿಕೊಂಡು ಬರುತ್ತಿದ್ದೆ. ಹೇಮಗುಡ್ಡದ ಹತ್ತಿರ ರಸ್ತೆಯ ಅಡ್ಡ ಮೋರಿ ಒಡೆದು ತಗ್ಗು ಬಿದ್ದಿದ್ದು ಕಾಣಲಿಲ್ಲ. ಮುಂದಿನ ಗಾಲಿ ಪೂರಾ ಒಳಗೆ ಹೋಗಿ ಎದ್ದಿತು. ಹ್ಯಾಂಡಲ್ ಓರೆಯಾಗಿತ್ತು. ಗಾಲಿಯನ್ನು ಎರಡೂ ಮೊಣಕಾಲಿನ ನಡುವೆ ಒತ್ತಿ ಹಿಡಿದು, ಹ್ಯಾಂಡಲ್ ತಿರುವಿ ನೆಟ್ಟಗೆ ಮಾಡಿದೆ. ಮಣ್ಣು ಒರೆಸಿ ಗಾಡಿ ವಾಪಸು ನಿಲ್ಲಿಸಿದೆ. ಅಣ್ಣ ಬಯ್ಯುತ್ತಾನೆಂದು ಹೇಳಲಿಲ್ಲ. ಅಷ್ಟೇ ಕಾರಣ.

“ಇದರಿಂದನಽ ಅಂವ ಬಿದ್ದಾನೇನ್ರಿ?” ಎಂದು ಕೇಳಿದೆ.

ಮಿಸ್ತ್ರಿ ಬಟ್ಟಲನ್ನು ಚಿಂದಿಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. “ಅದನ್ನ ನಾ ಹ್ಯಾಂಗ ಹೇಳ್ಲಿ. ಬೀಳಾಕ ಇದು ಸಾಕು. ಇಷ್ಟ ಹೇಳಬಹುದು.”

ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ವೈನಿಯ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟು ಕೇಳಿದರು: “ನಮ್ಮಪ್ಪ ಅಷ್ಟು ಮಂದ್ಯಾಗ ಆ ಮಾತು ಆಡಿದಾಗ, ತಗ್ಗಿಗೆ ಹಾಕಿದ್ದು ನಿಮಗ ನೆನಪಿತ್ತೇನ್ರಿ?”

“ಇತ್ರಿ ವೈನಿ.”

ಅವರು ಮೊರ ಎತ್ತಿಕೊಂಡು ಒಳಗೆ ಹೋದರು. ಮರುದಿನದಿಂದ ನಾನೇ ಅವರ ಮನೆಯ ಊಟ ಬಿಟ್ಟು ಖಾನಾವಳಿಯಲ್ಲಿ ಊಟ ಮಾಡತೊಡಗಿದೆ. ಹತ್ತು ದಿನದ ಮೇಲೆ ವೈನಿ ನನ್ನ ಕೋಣೆಯ ಬಾಗಿಲಲ್ಲಿ ನಿಂತು, “ಕುಷ್ಟಗಿಗೆ ಹೋಗೂಣು ನಡೀರಿ. ನನಗ ಹೇಳಿದ್ದನ್ನ ಅಲ್ಲಿ ಹೇಳ್ರಿ,” ಅಂದರು. ಗಾಡಿ ಬೇಡವೆಂದರು. ಬಸ್ಸಿನಲ್ಲಿ ಹೋದೆವು.

ಅವರ ತಂದೆ ಕಟ್ಟೆಯ ಮೇಲೆ ಕೂತು ನಾನು ಹೇಳಿದ್ದನ್ನು ಪೂರಾ ಕೇಳಿದರು. ಆಮೇಲೆ ಮಗಳನ್ನು ನೋಡಿದರು, ನನ್ನನ್ನಲ್ಲ. “ಆ ಮಾತು ನಾ ಮಂದ್ಯಾಗ ಆಡೀನಿ. ಮಂದ್ಯಾಗಽ ಹಿಂದಕ್ಕ ತಗೋತೀನಿ,” ಅಂದರು. ಆ ವರ್ಷ ಅಣ್ಣನ ತಿಥಿಗೆ ಬಂದು, ಊಟಕ್ಕೆ ಮೊದಲು ಎದ್ದು ನಿಂತು ಹೇಳಿದರು: “ನಮ್ಮ ಅಳಿಯ ಕುಡದು ಬಿದ್ದಿದ್ದಲ್ಲ. ತಿಳೀದ ಅಂದಿದ್ದೆ, ತಪ್ಪಾತು.” ಅವರು ಕೂತ ಮೇಲೆ ನಾನು ಎದ್ದು, ಗಾಡಿ ತಗ್ಗಿಗೆ ಹಾಕಿ ಮುಚ್ಚಿಟ್ಟಿದ್ದನ್ನು ಹೇಳಿದೆ. ಬಡಿಸುವವರು ಎಲೆಗಳಿಗೆ ಅನ್ನ ಹಾಕತೊಡಗಿದರು.

ಹೊಸ ಕೋನ್ ಸೆಟ್ ಹಾಕಿಸಿ, ಪೈಪು ಬದಲಿಸಿದ ಮೇಲೆ ಗಾಡಿ ಅರವತ್ತರಲ್ಲೂ ಅಲುಗಾಡುವುದಿಲ್ಲ. ನನ್ನ ಕೈ ಮಾತ್ರ ಈಗಲೂ ಕೆಲವೊಮ್ಮೆ ನಡುಗುತ್ತದೆ, ಬಸ್ಸಿನ ಕಂಬಿ ಹಿಡಿದು ನಿಂತಾಗಲೂ. ಸಿದ್ದಾಪುರದ ಕಡೆ ಹೋಗಬೇಕಾದರೆ ಸುತ್ತುಹಾಕಿ ಬೇರೆ ದಾರಿಯಲ್ಲಿ ಹೋಗುತ್ತೇನೆ.

ತಿಥಿಯ ಮರುದಿನ ವೈನಿ ಬಂದು, “ಖಾನಾವಳಿ ಬಿಡ್ರಿ. ಊಟಕ್ಕ ಮನಿಗೇ ಬರ್ರಿ. ಆದ್ರ ಇನ್ನೊಂದಿಷ್ಟು ದಿನ ನನ್ನ ಮಾತಾಡಸಬ್ಯಾಡ್ರಿ,” ಅಂದರು. ಹಾಗೇ ಮಾಡಿದೆ. ಅವರು ಬಡಿಸುತ್ತಿದ್ದರು, ನಾನು ಉಂಡು ತಾಟು ತೊಳೆದಿಟ್ಟು ಬರುತ್ತಿದ್ದೆ. ನಾಲ್ಕು ತಿಂಗಳು ಹೀಗೇ ನಡೆಯಿತು. ಒಂದು ಮಧ್ಯಾಹ್ನ ನಾನು ಏಳುವಾಗ, “ಮಜ್ಜಿಗಿ ಐತಿ, ಕೂಡ್ರಿ,” ಅಂದರು. ಕೂತೆ.